ಸಾಹೇಬನ ಎಡಗಣ್ಣು

ಸೊಸೆಯ ಉದ್ದುದ್ದ ಉಗುರುಗಳನ್ನು ಕಂಡ ದಿನವೇ ಟೈಲರಮ್ಮ ಮುಖ ಸಿಂಡರಿಸಿದ್ದಳು. ಇಂಥವಳು ಪಾತ್ರೆ ತೊಳೆದ ಹಾಗೇ ಇದೆ ಎಂದು ಆಗ ಗೊಣಗಿದ್ದಳು. ಈಗ ವಿಷಯ ಪಾತ್ರೆಯನ್ನು ದಾಟಿ ಬೆಕ್ಕಿನ ಕಣ್ಣಿಗೆ ಬಂದಿತ್ತು.

ಬೆಕ್ಕಿನ ಹೆಸರು ಸಾಹೇಬ. ಒಂದು ಇಲಿಯನ್ನೂ ಹಿಡಿಯದೆ ಮನೆಮಂದಿಯ ಮೇಲೆಲ್ಲ ದರ್ಬಾರು ನಡೆಸುವುದರಿಂದ ಬಂದ ಬಿರುದು. ಅದರ ಎಡಗಣ್ಣು ಕೆಂಪೇರಿ, ಗೀಜು ಕಟ್ಟಿ, ಔಷಧಿಯ ಹನಿ ಬಿಟ್ಟರೂ ವಾಸಿಯಾಗದೆ ಕಾಡುತ್ತಿತ್ತು. ಪಶುವೈದ್ಯರು ಟಾರ್ಚ್ ಹಾಕಿ ನೋಡಿ ಹುಬ್ಬು ಗಂಟಿಕ್ಕಿದರು.

"ಕಣ್ಣಿನ ಮೇಲೆ ಗೀರು ಬಿದ್ದಿದೆ ಅಮ್ಮಾ. ಏನೋ ಒರಟಾದ್ದು ತಾಗ್ತಾ ಇದೆ. ಹೀಗೇ ಆದ್ರೆ ಈ ಕಣ್ಣು ಉಳಿಯಲ್ಲ."

ಟೈಲರಮ್ಮನಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ಬೆಳಿಗ್ಗೆ ಕಣ್ಣು ಒರೆಸಿ ಹನಿ ಬಿಡುವವಳು ತಾನು, ಸಂಜೆ ಸೊಸೆ. ತಾನಂತೂ ಕಂಡ ಕಂಡ ಚಿಂದಿ ಮುಟ್ಟಿಸಿದವಳಲ್ಲ. ಅಂಗಿ, ಪರದೆ ಕತ್ತರಿಸಿ ಉಳಿದ ಹೊಚ್ಚಹೊಸ ಬಟ್ಟೆಯ ಚೂರು, ಯಾರ ಮೈಬೆವರೂ ಸೋಕದ್ದು, ದಿನಕ್ಕೊಂದು. ಸಾಹೇಬನಿಗೆ ಅಷ್ಟು ಮರ್ಯಾದೆ!

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಹುಡುಗಿನ ಅದರ ಪಾಡಿಗೆ ಬಿಡೇ," ಎಂದ ಗಂಡ, ಗುಂಡಿ ಹಚ್ಚುತ್ತ.

"ನಿಮಗೇನು ಗೊತ್ತು? ದಿನಾ ಸಂಜೆ ಬಚ್ಚಲಿಗೆ ಎತ್ಕೊಂಡು ಹೋಗಿ ಬಾಗಿಲು ಹಾಕ್ಕೋತಾಳೆ. ಒಳ್ಳೆ ಕೆಲಸಕ್ಕೆ ಬಾಗಿಲು ಯಾಕ್ರೀ?"

ಆ ಸಂಜೆ ಬಚ್ಚಲಿನ ಬಾಗಿಲು ಮುಚ್ಚಿತು. ಹೊಲಿಗೆ ಮೆಷಿನ್ ಸದ್ದು ನಿಂತರೆ ಸೊಸೆಗೆ ಸುಳಿವು ಸಿಕ್ಕೀತೆಂದು ಟೈಲರಮ್ಮ ಗಂಡನನ್ನು ಎಬ್ಬಿಸಿ ಪೆಡಲ್ ತುಳಿಯಲು ಕೂರಿಸಿದಳು. ತಾನು ಬೆಕ್ಕಿನ ಹೆಜ್ಜೆಯಲ್ಲೇ ಹೋಗಿ ಬಾಗಿಲಿನ ಸಂದಿಗೆ ಕಣ್ಣಿಟ್ಟಳು.

ಸೊಸೆ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಟವೆಲ್ ಸುತ್ತಿದ ಸಾಹೇಬ. ಒದ್ದೆ ಹತ್ತಿಯಿಂದ ಅವನ ರೆಪ್ಪೆಯಂಚನ್ನು ಮೆಲ್ಲಗೆ ಸವರಿ ಏನನ್ನೋ ಈಚೆಗೆ ಎಳೆಯುತ್ತಿದ್ದಳು.

"ಇನ್ನೊಂದೇ ಒಂದು ಸಾಹೇಬ್ರೇ, ಆಯ್ತು. ಅತ್ತೆಗೆ ಮಾತ್ರ ಹೇಳ್ಬೇಡಿ."

ಹತ್ತಿಗೆ ಅಂಟಿಕೊಂಡು ಬಂದದ್ದು ಹಳದಿ ನೂಲಿನ ಎಳೆ. ಬೆಳಿಗ್ಗೆ ಟೈಲರಮ್ಮ ಕತ್ತರಿಸಿದ ಅಂಗಿಯದು. ಪಕ್ಕದ ಬಟ್ಟಲಲ್ಲಿ ನಿನ್ನೆಯ ಪರದೆಯ ನೀಲಿ ಎಳೆಯೂ ಇತ್ತು. ಹೊಸ ಬಟ್ಟೆಯಲ್ಲಿ ಗಿರಣಿಯ ಗಂಜಿ ಇರುತ್ತೆ, ಒರಟು, ಒಮ್ಮೆ ನೆನೆಸಿ ತನ್ನಿ ಎಂದು ಬಂದ ಗಿರಾಕಿಗೆಲ್ಲ ಬುದ್ಧಿ ಹೇಳುವವಳು ತಾನೇ ಅಲ್ಲವೇ? ಟೈಲರಮ್ಮ ಬಾಗಿಲು ತಳ್ಳಿಯೇಬಿಟ್ಟಳು.

"ನನಗ್ಯಾಕೆ ಹೇಳ್ಲಿಲ್ಲ?"

ಸೊಸೆ ಬೆಚ್ಚಿ ತಲೆಯೆತ್ತಿದಳು. "ಹೇಳೋಕೆ ಬಂದಿದ್ದೆ ಅತ್ತೆ. ನೀವು ನನ್ನ ಉಗುರನ್ನೇ ನೋಡ್ತಾ ನಿಂತ್ರಿ. ಹೋಗಿ ಕತ್ತರಿಸ್ಕೊಂಡೆ. ಆಮೇಲೆ ನೀವು ನೋಡ್ಲೇ ಇಲ್ಲ."

ಟೈಲರಮ್ಮ ಆಗ ನೋಡಿದಳು. ಸೊಸೆಯ ಬೆರಳ ತುದಿಗಳು ಚರ್ಮದವರೆಗೂ ಬೋಳಾಗಿದ್ದವು. ನಾಚಿಕೆಯಿಂದ ಅತ್ತೆಯ ಕಿವಿ ಬಿಸಿಯಾಯಿತು. ಒದ್ದೆ ನೆಲದ ಮೇಲೆ ಕೂತು ಸಾಹೇಬನ ಕಾಲುಗಳನ್ನು ಹಿಡಿದುಕೊಂಡಳು.

"ನಾನು ಹಿಡ್ಕೋತೀನಿ. ಹನಿ ನೀನೇ ಬಿಡು ಮಗಾ. ಬೆಳಿಗ್ಗೇದೂ ನೀನೇ."

ಹೊರಗೆ ಗಂಡ ಬಟ್ಟೆಯಿಲ್ಲದ ಮೆಷಿನನ್ನು ಇನ್ನೂ ತುಳಿಯುತ್ತಲೇ ಇದ್ದ.