ಮೂರು ಗೇಣಿನ ದೂರ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ‘ಕಿವಿ’ ಎಂದೇ ಕರೆಯುತ್ತಿದ್ದರು. ಉಕ್ಕಿನ ತಗಡಿನ ಉದ್ದಕ್ಕೂ ಸದ್ದು ಹರಿಸಿ ಅದರ ಆರೋಗ್ಯ ಹೇಳುವುದು ಅವನ ಕೆಲಸ. ಆ ಸದ್ದು ಯಾರ ಕಿವಿಗೂ ಬೀಳುವಂಥದ್ದಲ್ಲ, ಪರದೆಯ ಮೇಲೆ ನೋಡಬೇಕು. ಕಣ್ಣಿನಲ್ಲಿ ಕೇಳುವವನಿಗೆ ಇಂಥ ಹೆಸರೇಕೆ ಎಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಗಟ್ಟಿ ತಗಡು ಕೊಟ್ಟ ಸ್ವರವನ್ನು ಹೆಚ್ಚುಕಡಿಮೆ ಹಾಗೇ ದಾಟಿಸುತ್ತದೆ. ಕಾಯಿಸುವಾಗ ಹದ ತಪ್ಪಿ ಒಳಗೊಳಗೇ ಕೆಟ್ಟ ತಗಡು, ತನ್ನದೂ ಒಂದಿರಲಿ ಎಂದು ಎರಡರಷ್ಟು ಕಂಪನದ ಸಣ್ಣ ಸ್ವರವೊಂದನ್ನು ಸೇರಿಸಿ ಕಳಿಸುತ್ತದೆ. ಕಣ್ಣಿಗೆ ಬಿರುಕು ಕಾಣುವ ಎಷ್ಟೋ ಮೊದಲೇ ಈ ಚಾಡಿ ಸಿಗುತ್ತದೆ.

ಮೂರು ವಾರದ ಹಿಂದೆ ಕಿವಿಗೆ ಅಂಥ ಚಾಡಿ ಸಿಕ್ಕಿತ್ತು. ಈ ತಗಡುಗಳು ಕುಲುಮೆಯಲ್ಲಿ ಅತಿಯಾಗಿ ಕಾದಿವೆ ಎಂದು ಬರೆದುಕೊಟ್ಟ. ಕುಲುಮೆ ನೋಡಿಕೊಳ್ಳುತ್ತಿದ್ದವರು ಅವನ ಹೆಂಡತಿಯ ಅಪ್ಪ. ಮೂವತ್ತು ವರ್ಷ ಉಕ್ಕಿನ ಕೆಂಪು ನೋಡಿಯೇ ಹದ ಹೇಳಿದವರನ್ನು ಉಗ್ರಾಣದಲ್ಲಿ ಕೂರಿಸಿ ಕೈಗವಸು ಹಂಚಲು ಹಚ್ಚಿದರು. ವರದಿ ಸೂಚನಾ ಫಲಕ ಏರಿತು. ಮಾವನೆಂಬ ಮುಲಾಜಿಗೂ ಬೀಳಲಿಲ್ಲ ಎಂದು ಕಿವಿಯನ್ನು ಹೊಗಳಿದವರಿದ್ದರು. ಆ ಹೊಗಳಿಕೆ ರುಚಿಸಿತ್ತು ಎಂಬುದೇ ಈಗಿನ ಸಂಕಟ.

ಈ ಬೆಳಿಗ್ಗೆ, ಕಡತ ಮುಗಿಸೋಣವೆಂದು ಅದೇ ತಗಡನ್ನು ಮತ್ತೆ ಅಳೆದಿದ್ದ. ಮೊದಲ ಸಲ ಅಳೆದದ್ದು ಒಂದೇ ಗೇಣು ದೂರದಲ್ಲಿ. ಈಗ ಎರಡು ಗೇಣು, ಮೂರು ಗೇಣು. ದೋಷ ತಗಡಿನದಾದರೆ ಸದ್ದು ಸಾಗಿದಷ್ಟೂ ಆ ಇಮ್ಮಡಿ ಸ್ವರ ಬೆಳೆಯಬೇಕು. ಅದು ಇದ್ದಷ್ಟೇ ಇತ್ತು. ಒಳ್ಳೆಯದೆಂದು ಗೊತ್ತಿದ್ದ ತಗಡಿನಲ್ಲೂ ಅಷ್ಟೇ. ಯಂತ್ರದ ಶಕ್ತಿಯ ತಿರುಪನ್ನು ಅವನೇ ಕೊನೆಯವರೆಗೆ ತಿರುಗಿಸಿಟ್ಟಿದ್ದ; ಆ ಸ್ವರ ಹುಟ್ಟಿದ್ದು ಯಂತ್ರದೊಳಗೇ. ಸದ್ದು ಅತಿಯಾಗಿ ಏರಿಸಿದರೆ ಗೊಗ್ಗರಾಗುವುದು ಮೈಕು, ಭಾಷಣಕಾರನ ಗಂಟಲಲ್ಲ.

ಉಗ್ರಾಣಕ್ಕೆ ಹೋದ.

“ಬನ್ನಿ ಅಳಿಯಂದಿರೇ. ಎಷ್ಟು ಜೊತೆ ಬೇಕು? ಸಹಿ ಹಾಕ್ಬೇಕು, ನೆಂಟಸ್ತಿಕೆ ಎಲ್ಲ ನಡೆಯಲ್ಲ ಇಲ್ಲಿ.”

“ಗವಸು ಬೇಡ ಮಾವ.”

“ಮುಖ ಯಾಕೆ ಹಾಗಿದೆ? ನೀವು ಸರಿಯಾಗೇ ಬರೆದಿದ್ರಿ. ನಾನೂ ಯೋಚನೆ ಮಾಡ್ದೆ. ಅವತ್ತು ಮಗಳು ಫೋನ್ ಮಾಡಿದ್ಲು, ಮಾತಾಡ್ತಾ ನಿಂತ್ಬಿಟ್ಟೆ. ಆಗ್ಲೇ ಬಣ್ಣ ತಪ್ಪಿರಬೇಕು.”

ಮಾಡದ ತಪ್ಪಿಗೆ ಮಾವ ದಿನ, ಗಳಿಗೆ, ಕಾರಣ ಎಲ್ಲವನ್ನೂ ಹುಡುಕಿಟ್ಟುಕೊಂಡಿದ್ದರು. ಬೈದಿದ್ದರೆ ಎಷ್ಟೋ ಸುಲಭವಿತ್ತು.

“ತಗಡು ಸರಿಯಾಗಿದೆ ಮಾವ. ತಪ್ಪು ಯಂತ್ರದ್ದು... ಅಲ್ಲ, ನಂದು. ಒಂದೇ ಕಡೆ ಅಳೆದು ಬರೆದ್ಬಿಟ್ಟೆ.”

ಮಾವ ಗವಸಿನ ಕಟ್ಟು ಕೆಳಗಿಟ್ಟರು. “ಒಂದೇ ಕಡೆ?”

“ಹೂಂ.”

“ಅಲ್ರೀ, ನಿಮ್ಮತ್ತೆ ಒಂದು ಕಲ್ಲಂಗಡಿ ತಗೊಳ್ಳೋಕೆ ನಾಲ್ಕು ಕಡೆ ತಟ್ತಾಳೆ!”

ಮಧ್ಯಾಹ್ನ ಹೊಸ ಹಾಳೆ ಫಲಕ ಏರಿತು. ಸಾಹೇಬರು ‘ಉಪಕರಣ ದೋಷ’ ಎಂದು ತಿದ್ದಿಕೊಟ್ಟಿದ್ದರು. ಕಿವಿ ಅದನ್ನು ಹೊಡೆದುಹಾಕಿ ‘ನನ್ನ ತಪ್ಪು’ ಎಂದೇ ಬರೆದಿದ್ದ. ಮಾವ ಕನ್ನಡಕ ಏರಿಸಿ ಪೂರ್ತಿ ಓದಿದರು.

“ಇದೇನೋ ಆಯ್ತು. ಆದ್ರೆ ‘ನಿನ್ನ ಫೋನಿಂದಾನೇ ಹೀಗಾಯ್ತು’ ಅಂತ ಮಗಳಿಗೆ ಅಂದ್ಬಿಟ್ಟಿದ್ದೀನಲ್ಲ, ಅದನ್ನ ಯಾವ ಫಲಕಕ್ಕೆ ಅಂಟಿಸ್ತೀರಿ?”

ಮೂರು ವಾರದಿಂದ ಹೆಂಡತಿ ಸರಿಯಾಗಿ ಮಾತಾಡುತ್ತಿರಲಿಲ್ಲ. ತನ್ನ ಮೇಲಿನ ಕೋಪವೆಂದುಕೊಂಡು, ನಿಷ್ಠುರವಾದಿಗೆ ಇದೆಲ್ಲ ಇದ್ದದ್ದೇ ಎಂದು ಕಿವಿ ಒಳಗೊಳಗೇ ಬೀಗಿದ್ದ. ಫಲಕದ ಕೆಳಗೇ ನಿಂತು ಅವಳಿಗೆ ಫೋನು ಮಾಡಿದ.

“ಕೆಲಸದ ಹೊತ್ತಲ್ಲಿ ನನ್ನ ಹತ್ರ ಮಾತಾಡ್ಬೇಡಿ ರೀ,” ಎಂದು ಅವಳು ಮೆಲ್ಲಗೆ ಹೇಳಿ ಫೋನು ಇಟ್ಟೇಬಿಟ್ಟಳು.

ಕಿವಿ ಮತ್ತೆ ಅವಳ ನಂಬರು ಒತ್ತಿದ.