ಮೂರು ಸಲ ಹಿಡಿದ ಸೊಂಟ

ಬೀದಿಯವರು ಆ ದರ್ಜಿಯನ್ನು ಟೇಪಣ್ಣ ಎಂದು ಕರೆಯುತ್ತಿದ್ದುದಕ್ಕೆ ಎರಡು ಕಾರಣಗಳಿದ್ದವು. ಒಂದು ಟೇಪು ಅವನ ಕೊರಳ ಮೇಲೆ ನೇತಾಡುತ್ತಿತ್ತು, ಇನ್ನೊಂದು ಕೊರಳೊಳಗೇ ಇತ್ತು. ಯಾರ ದನಿಯನ್ನೇ ಆಗಲಿ ಆ ಗಂಟಲು ಹಿಡಿದಿಟ್ಟುಕೊಂಡು, ಕೇಳಿದಾಗಲೂ ಕೇಳದಿದ್ದಾಗಲೂ ತಿರುಗಿ ಹಾಡುತ್ತಿತ್ತು. ಕೋಟಿನ ಅಳತೆ ಕೊಡಲು ಬಂದ ವಕೀಲರು ಅಳತೆ ಮುಗಿಯುವ ಮೊದಲೇ ತಮ್ಮ ಕೆಮ್ಮನ್ನು ಅವನ ಬಾಯಿಂದ ಕೇಳಿ, ಸಿಟ್ಟು ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿ ಹೋಗಿದ್ದರು.

ಅಂಗಡಿ ದೊಡ್ಡದೇನಲ್ಲ. ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆಗೆ ಆನಿಸಿದ ಒಂದು ಬೆಂಚು. ಆದರೆ ಆ ಬೆಂಚಿನ ಮೇಲೆ ದೇಶವೇ ನಡೆಯುತ್ತಿತ್ತು. ಒಂದು ತುದಿಗೆ ನಿವೃತ್ತ ಲೆಕ್ಕದ ಮೇಷ್ಟ್ರು, ಕೈಯಲ್ಲಿ ಪೇಪರು. ಇನ್ನೊಂದು ತುದಿಗೆ ಪಕ್ಕದ ಔಷಧಿ ಅಂಗಡಿಯವನು; ಗಿರಾಕಿ ಇಲ್ಲದಾಗಲೆಲ್ಲ ಬಂದು ಕೂರುತ್ತಿದ್ದ, ಗಿರಾಕಿ ಬಂದಾಗಲೂ ಸ್ವಲ್ಪ ಹೊತ್ತು ಕೂತೇ ಇರುತ್ತಿದ್ದ. ನಡುವೆ ಟೇಪಣ್ಣನ ಅಕ್ಕನ ಗಂಡ, ಭಾವ. ನಗರಸಭೆಯ ಮನೆ ಕಂದಾಯದ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವರು. ನಿವೃತ್ತಿಯಾದ ಮರುದಿನದಿಂದ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಈ ಬೆಂಚಿಗೆ ಡ್ಯೂಟಿಗೆ ಬರುತ್ತಿದ್ದರು.

"ಮನೆ ಕಂದಾಯ ಮತ್ತೆ ಏರಿಸ್ತಾರಂತೆ," ಎಂದು ಮೇಷ್ಟ್ರು ಪೇಪರಿನ ಹಿಂದಿನಿಂದ ಕಡ್ಡಿ ಗೀರುತ್ತಿದ್ದರು.

"ಏರಿಸ್ಲಿ ಬಿಡಿ. ಬೀದಿ ದೀಪ ಏನು ನಿಮ್ಮ ಮಾವ ಬಂದು ಹಚ್ತಾನಾ?" ಎನ್ನುತ್ತಿದ್ದರು ಭಾವ.

"ನಮ್ಮ ಬೀದಿ ದೀಪ ಹತ್ತಿದ್ದನ್ನ ಕಣ್ಣಾರೆ ಕಂಡವರು ಯಾರೂ ಈಗ ಬದುಕಿಲ್ಲ ಸ್ವಾಮಿ," ಔಷಧಿಯವನು.

"ಭಾವಾ, ಅದನ್ನ ಕರ ಅನ್ನೋದು ಸುಮ್ನೆ ಅಲ್ಲ," ಎಂದು ಟೇಪಣ್ಣ ಕತ್ತರಿ ಆಡಿಸುತ್ತಲೇ ಹೇಳುತ್ತಿದ್ದ. "ಮೊದ್ಲು ಕರ ಮುಗೀಬೇಕು, ಆಮೇಲೆ ಕರ ಕಟ್ಟಬೇಕು, ಕಟ್ಟಿದ ಮೇಲೆ ಕರ ಕಟ್ಕೊಂಡು ಕೂರಬೇಕು."

"ನಗೋ, ನಗು. ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗೆ ಅಂತಾರಲ್ಲ, ಆ ಗಾದೆ ಮಾಡಿದವನು ಸುಂಕ ಕಟ್ಟಿರ್ಲಿಲ್ಲ. ನಾನು ಎಷ್ಟು ಜನರ ಸುಖದುಃಖ ಕೇಳಿದ್ದೀನಿ ಆ ಕಿಂಡೀಲಿ! ಕಟ್ಟಿ ತಾಯಿ, ನಿಮ್ಗೇ ವಾಪಸ್ ಬರುತ್ತೆ, ಆಸ್ಪತ್ರೆಯಾಗಿ ಬರುತ್ತೆ, ಸ್ಕೂಲಾಗಿ ಬರುತ್ತೆ ಅಂತ ಹೇಳಿ ಹೇಳಿ ಕಳ್ಸಿದ್ದೀನಿ."

ಆಸ್ಪತ್ರೆ ಎಂಬ ಮಾತು ಬಿದ್ದರೆ ಸಾಕು, ಟೇಪಣ್ಣ ಕತ್ತರಿ ಕೆಳಗಿಡುತ್ತಿದ್ದ. ಸರ್ಕಾರಿ ಆಸ್ಪತ್ರೆಯ ನಾಟಕ ಅವನ ಕೈಯಲ್ಲಿದ್ದ ತುರುಪಿನ ಎಲೆ. ಮೂಗಿನಲ್ಲಿ ಎಳೆಯುವ ಚೀಟಿ ಕೌಂಟರಿನವನು: "ಮುಂದಿನವ್ರೂ... ಏನು ಕಾಯ್ಲೇ... ಇಲ್ಲಿ ಕಾಯ್ಲೇಬೇಕೂ." ತಲೆಯೆತ್ತದೆ ಬರೆಯುವ ಡಾಕ್ಟರು. ಸ್ಟ್ರೆಚರು ನೂಕುತ್ತ ರೋಗಿಗಿಂತ ಹೆಚ್ಚು ನರಳುವ ಆಳು. ಬೆಂಚು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಭಾವನೂ ನಗುತ್ತಿದ್ದರು, ಆಮೇಲೆ ಕಣ್ಣೊರೆಸಿಕೊಂಡು, "ಆದ್ರೂ ದಿನಾ ಸಾವಿರಾರು ಜನ ಹೋಗ್ತಾರೆ, ಅವರೆಲ್ಲ ಹುಚ್ಚರಲ್ಲ," ಎನ್ನುತ್ತಿದ್ದರು. ಸೋತವರು ಕೊನೆಯ ಮಾತು ಆಡಬೇಕೆಂಬುದು ಆ ಬೆಂಚಿನ ನಿಯಮ.

ಫೆಬ್ರವರಿಯಲ್ಲಿ ಭಾವ ಒಂದು ಕಂದು ಪ್ಯಾಂಟು ತಂದರು. "ಯಾಕೋ ಲೂಸಾಗಿದೆ ನೋಡು."

ಟೇಪಣ್ಣ ಅಳತೆ ಪುಸ್ತಕ ತೆಗೆದ. ಅದರಲ್ಲಿ ಪ್ರತಿ ಗಿರಾಕಿಗೂ ಒಂದು ಪುಟ. ಭಾವನ ಪುಟದಲ್ಲಿ ಹದಿನೈದು ವರ್ಷದಿಂದ ಸೊಂಟದ ಮುಂದೆ ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು. ಟೇಪು ಸುತ್ತಿದ. ಮೂವತ್ತಾರೂವರೆ.

"ಒಂದೂವರೆ ಇಂಚು ಎಲ್ಲಿಗೆ ಹೋಯ್ತು ಭಾವ?"

"ಈಗ ದಿನಾ ನಡೀತೀನಲ್ಲ."

"ಅಲ್ಲ ಅಲ್ಲ. ಸರ್ಕಾರ ಮೂಲದಲ್ಲೇ ಕಡಿತ ಮಾಡ್ಕೊಂಡಿದೆ!"

ಬೆಂಚು ನಕ್ಕಿತು. ಟೇಪಣ್ಣ ತಾರೀಕು ಹಾಕಿ ಬರೆದುಕೊಂಡು, ಹಿಂಬದಿಯ ಹೊಲಿಗೆ ಬಿಚ್ಚಿ, ಸೊಂಟ ಒಳಗೆ ಹಿಡಿದು ಕೊಟ್ಟ. ಅವನ ಕೈ ಹೊಲಿದ ಮೇಲೆ ಗೆರೆ ಕಾಣುತ್ತಿರಲಿಲ್ಲ. ಮೊದಲಿನಿಂದಲೂ ಹಾಗೇ ಇದ್ದ ಪ್ಯಾಂಟಿನಂತೆ ಅದು ಭಾವನ ಮೇಲೆ ಕೂತಿತು.

ಏಪ್ರಿಲಿನಲ್ಲಿ ಅದೇ ಪ್ಯಾಂಟು, ಜೊತೆಗೆ ಇನ್ನೆರಡು. ಮೂವತ್ತೈದು. ಈ ಸಲ ಟೇಪಣ್ಣ ಕೇಳದೆಯೇ ಭುಜಕ್ಕೂ ಟೇಪು ಹಿಡಿದ. ಅರ್ಧ ಇಂಚು ಇಳಿದಿತ್ತು. ಅವನಿಗೆ ಕಸುಬು ಕಲಿಸಿದ ಮುದುಕ ಹೇಳುತ್ತಿದ್ದ ಮಾತೊಂದಿತ್ತು: ಸೊಂಟ ಇಳಿದರೆ ಹೊಲಿ, ಭುಜ ಇಳಿದರೆ ಕೇಳು. ಟೇಪಣ್ಣನ ಬೆರಳು ಭಾವನ ಭುಜದ ಮೂಳೆಯ ಮೇಲೆ ಒಂದು ಕ್ಷಣ ನಿಂತಿತು. ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಮೇಷ್ಟ್ರು, "ಏನಪ್ಪಾ, ಈ ಸಲ ಎಷ್ಟು ಕಡಿತ?" ಎಂದರು. ಕೇಳಬೇಕಾದದ್ದು ಗಂಟಲಿನಿಂದ ಬೇರೆ ದನಿಯಲ್ಲಿ ಹೊರಬಿತ್ತು: "ಮಾನ್ಯರೇ, ತಮ್ಮ ಭುಜದ ಮೇಲೂ ಹೊಸ ತೆರಿಗೆ ವಿಧಿಸಲಾಗಿದೆ!" ಹಳೆಯ ಕಂದಾಯ ಅಧಿಕಾರಿಯ ದನಿ. ಭಾವನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಅಧಿಕಾರಿಯ ಕೈಕೆಳಗೆ ಒಂಬತ್ತು ವರ್ಷ ಇದ್ದವರು.

ಜೂನಿನ ಮೊದಲ ವಾರ ಮೂರನೇ ಸಲ. ಮೂವತ್ಮೂರು. ಟೇಪಣ್ಣ ಬರೆದುಕೊಂಡ. ಮಿಷನ್ನಿಗೆ ಹಾಕುವ ಮುಂಚೆ ಜೇಬು ತಡಕುವುದು ಅವನ ಅಭ್ಯಾಸ. ಹಿಂದಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿಯೊಂದಿತ್ತು. ಬಿಡಿಸಿದ. ಸರ್ಕಾರಿ ಆಸ್ಪತ್ರೆಯದು. ಮೇಲೆ ಭಾವನ ಹೆಸರು, ಕೆಳಗೆ ಯಾರದೋ ಅವಸರದ ಅಕ್ಷರ: ಹೊಟ್ಟೆಯ ಸ್ಕ್ಯಾನ್. ಯಂತ್ರ ದುರಸ್ತಿಯಲ್ಲಿದೆ. ಇಪ್ಪತ್ತೆರಡನೇ ತಾರೀಕು ಬೆಳಗ್ಗೆ ಎಂಟಕ್ಕೆ ತಪ್ಪದೆ ಬರುವುದು.

ಬೆಂಚಿನ ಮೇಲೆ ಭಾವ ಔಷಧಿಯವನಿಗೆ, ಎಲ್ಲರಿಗೂ ಉಚಿತ ಚಿಕಿತ್ಸೆ ಯಾಕೆ ಬೇಕು ಎಂದು ಬೆರಳು ಮಡಿಚಿ ಮಡಿಚಿ ವಿವರಿಸುತ್ತಿದ್ದರು.

ಚೀಟಿಯನ್ನು ಮಡಿಚಿ ಸುಮ್ಮನೆ ಅವರ ಕೈಗಿಡಬಹುದಿತ್ತು. ಒಳಗೆ ಕರೆದು ಕೇಳಬಹುದಿತ್ತು. ಟೇಪಣ್ಣನಿಗೆ ಆಮೇಲೆ ಈ 'ಬಹುದಿತ್ತು'ಗಳೆಲ್ಲ ಸಾಲಾಗಿ ನೆನಪಾದವು. ಆ ಹೊತ್ತಿನಲ್ಲಿ ಅವನಿಗೆ ಕಂಡದ್ದು ಒಂದೇ: ಬೆಂಚು ತುಂಬಿದೆ, ಭಾವ ಗೆಲ್ಲುತ್ತಿದ್ದಾರೆ, ಕೈಯಲ್ಲಿ ತುರುಪಿನ ಎಲೆ ಇದೆ.

"ಯಂತ್ರಾ... ದುರಸ್ತೀಲಿದೇ..." ಎಂದು ಮೂಗಿನಿಂದ ಎಳೆದ. "ತಪ್ಪದೇ ಬರುವುದೂ... ಯಂತ್ರ ಬಂದ್ರೇ!"

ಔಷಧಿಯವನ ಕೈಯ ಚಹಾ ಅವನ ಪಂಚೆಯ ಮೇಲೇ ಚೆಲ್ಲಿತು. "ಯಂತ್ರಕ್ಕೇ ಹುಷಾರಿಲ್ವಂತೆ ಮೇಷ್ಟ್ರೇ! ಅದನ್ನ ಯಾವ ಆಸ್ಪತ್ರೆಗೆ ಸೇರ್ಸಿದಾರಂತೆ ಕೇಳಿ!" ಮೇಷ್ಟ್ರಂತೂ ಪೇಪರಿನೊಳಗೇ ಮುಖ ಮುಚ್ಚಿಕೊಂಡು ಕುಲುಕಿದರು.

ಭಾವನ ಕಿವಿ ಕೆಂಪಾಯಿತು. ಆದರೆ ನಕ್ಕರು. ಎದ್ದು ಬಂದು ಚೀಟಿ ಈಸಿಕೊಂಡು, "ಪಕ್ಕದ್ಮನೆಯವರದು ಕಣೋ, ತಂದ್ಕೊಡಿ ಅಂದಿದ್ರು. ಹಳೇದು," ಎಂದು ನಾಲ್ಕು ಚೂರು ಮಾಡಿ ಬಟ್ಟೆ ತುಂಡುಗಳ ಬುಟ್ಟಿಗೆ ಹಾಕಿದರು. ಆವತ್ತು ಕೊನೆಯ ಮಾತು ಆಡದೆಯೇ ಮನೆಗೆ ಹೋದರು.

ಹೆಸರು ಓದಿದ್ದು ಟೇಪಣ್ಣ ಒಬ್ಬನೇ. ನಾಳೆ ಕೇಳೋಣ ಎಂದುಕೊಂಡ. ನಾಳೆ ಭಾವ ಬಂದಾಗ ಬೆಂಚು ತುಂಬಿತ್ತು, ನಾಡಿದ್ದೂ ತುಂಬಿತ್ತು. ಇಪ್ಪತ್ತೆರಡನೇ ತಾರೀಕು ಅವನು ಬೆಳಗ್ಗೆಯಿಂದ ಬಾಗಿಲ ಕಡೆ ನೋಡುತ್ತಲೇ ಹೊಲಿದ. ಇವತ್ತು ಭಾವ ಬಾರದಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬಯಸಿದ. ಹನ್ನೊಂದಕ್ಕೆ ಸರಿಯಾಗಿ ಭಾವ ಬಂದು ಕೂತರು. ಟೇಪಣ್ಣ ಮಿಷನ್ನಿನ ಪೆಡಲನ್ನು ಜೋರಾಗಿ ತುಳಿದ.

ಸೆಪ್ಟೆಂಬರಿನಲ್ಲಿ ಅಕ್ಕ ಫೋನು ಮಾಡಿದಳು. ಭಾವ ಬಚ್ಚಲಿನಲ್ಲಿ ಕುಸಿದಿದ್ದರು.

ಟೇಪಣ್ಣ ಆ ಸರ್ಕಾರಿ ಆಸ್ಪತ್ರೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಷ್ಟು ವರ್ಷ ಆಡಿದ ನಾಟಕವೆಲ್ಲ ಅವರಿವರು ಹೇಳಿದ ಕಥೆಯಿಂದ ಕಟ್ಟಿದ್ದು. ಚೀಟಿ ಕೌಂಟರಿನಲ್ಲಿದ್ದವನು ನಲವತ್ತರ ಆಸುಪಾಸಿನ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. "ಅಮ್ಮಾ, ನೀವು ಕೂತ್ಕೊಳಿ, ನಾನೇ ಕರೀತೀನಿ," ಎಂದ ಅಕ್ಕನಿಗೆ, ಮೆಲ್ಲಗೆ. ಮೂಗಿನಿಂದಲ್ಲ, ಎಲ್ಲರ ಹಾಗೆ ಬಾಯಿಂದ. ಸಾಲು ಉದ್ದವಿತ್ತು, ಒಂದು ಫ್ಯಾನು ತಿರುಗುತ್ತಿರಲಿಲ್ಲ, ಗೋಡೆಯ ಬಣ್ಣ ಏಳುತ್ತಿತ್ತು. ಅದೆಲ್ಲ ಕಥೆಯಲ್ಲಿದ್ದ ಹಾಗೇ ಇತ್ತು. ಸ್ಕ್ಯಾನ್ ಯಂತ್ರ ಮಾತ್ರ ಚೆನ್ನಾಗಿ ಕೆಲಸ ಮಾಡಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. "ತೂಕ ಯಾವಾಗಿಂದ ಇಳೀತಾ ಇದೆ?" ಎಂದು ಅಕ್ಕನನ್ನು ಕೇಳಿದರು.

"ಈಗ ಒಂದು ತಿಂಗಳಿಂದ ಇರ್ಬಹುದು ಡಾಕ್ಟ್ರೇ. ಮುಖ ಸ್ವಲ್ಪ ಇಳಿದಿತ್ತು, ವಯಸ್ಸಾಯ್ತಲ್ಲ ಅನ್ಕೊಂಡೆ. ಇಳಿದಿದ್ರೆ ಬಟ್ಟೆ ಜೋಲಾಡ್ಬೇಕಿತ್ತಲ್ವಾ? ಪ್ಯಾಂಟೆಲ್ಲ ಸರಿಯಾಗೇ ಕೂತ್ಕೊಳ್ತಿತ್ತು."

ಹಾಗೆ ಕೂರಿಸಿದ್ದು ಟೇಪಣ್ಣನ ಹೊಲಿಗೆ. ಗೆರೆ ಕಾಣದ ಹೊಲಿಗೆ. ಇಡೀ ಬೀದಿ ಹೊಗಳುತ್ತಿದ್ದ ಹೊಲಿಗೆ.

"ಫೆಬ್ರವರಿ ಹತ್ತು, ಮೂವತ್ತಾರೂವರೆ," ಎಂದ. ಇಬ್ಬರೂ ತಿರುಗಿದರು. "ಅದಕ್ಕೆ ಮುಂಚೆ ಹದಿನೈದು ವರ್ಷ ಮೂವತ್ತೆಂಟು. ಏಪ್ರಿಲ್ ಹದಿನೆಂಟು, ಮೂವತ್ತೈದು, ಭುಜ ಅರ್ಧ ಇಂಚು ಇಳಿದಿತ್ತು. ಜೂನ್ ಆರು, ಮೂವತ್ಮೂರು."

ಡಾಕ್ಟರು ಬರೆದುಕೊಂಡರು. "ಇಷ್ಟು ಕರೆಕ್ಟಾಗಿ ಹೇಗೆ ಗೊತ್ತು?"

"ನಾನು ಟೈಲರು."

"ಗೊತ್ತಿದ್ದೂ ಆಗಲೇ ಯಾಕೆ ಕರ್ಕೊಂಡು ಬರ್ಲಿಲ್ಲ? ಈ ಗಡ್ಡೆ ಜೂನಲ್ಲಿ ಸಿಕ್ಕಿದ್ರೂ ಆಪರೇಷನ್ ಮಾಡೋಕಾಗ್ತಿತ್ತೇನೋ." ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಈಗ ನೋವು ಕಡಿಮೆ ಮಾಡ್ಬಹುದು, ಅಷ್ಟೇ."

ಹೊರಗೆ ಕಾರಿಡಾರಿನಲ್ಲಿ ಅಕ್ಕ ನಿಂತುಬಿಟ್ಟಳು. "ನಿಂಗೆ ಗೊತ್ತಿತ್ತಾ?"

"ಇಂಚು ಗೊತ್ತಿತ್ತು ಅಕ್ಕಾ."

"ಇಂಚು ಗೊತ್ತಿತ್ತು. ಮನುಷ್ಯ ಗೊತ್ತಿರ್ಲಿಲ್ವಾ?"

ಆಮೇಲೆ ಅವಳು ಅವನೊಂದಿಗೆ ಔಷಧಿ, ಕೀಲಿಕೈ, ಫ್ಲಾಸ್ಕು ಎಂಬಷ್ಟೇ ಮಾತಾಡಿದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯನ್ನು ಅವನು ಎಷ್ಟೋ ಮುದುಕಿಯರ ದನಿಯಲ್ಲಿ ಆಡಿ ತೋರಿಸಿದ್ದ. ಈಗ ಅದು ಯಾವ ದನಿಯೂ ಇಲ್ಲದೆ ತಲೆಯಲ್ಲಿ ಕೂತಿತು.

ವಾರ್ಡಿನಲ್ಲಿ ಭಾವನಿಗೆ ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತ್ತು. "ನೋಡಿದ್ಯಾ? ಬೆಡ್ಡು ಕೊಟ್ರು, ಸ್ಕ್ಯಾನ್ ಮಾಡಿದ್ರು, ಬೆಳಗ್ಗೆ ಸಂಜೆ ಬಂದು ನೋಡ್ತಾರೆ. ಮೂವತ್ತೊಂದು ವರ್ಷ ನಾನು ಸುಳ್ಳು ಹೇಳ್ಲಿಲ್ಲ."

"ಇಲ್ಲ ಭಾವ."

"ಏನೋ ಇದು, ವಾದಾನೇ ಮಾಡಲ್ವಾ? ನಂಗೆ ಅಷ್ಟು ಜೋರಾಗಿದೆ ಅಂತಾಯ್ತು ಹಾಗಾದ್ರೆ."

ಟೇಪಣ್ಣ ಹೊದಿಕೆಯ ಅಂಚನ್ನು ನೋಡಿದ. ಹೊಲಿಗೆ ಬಿಟ್ಟಿತ್ತು. "ಆವತ್ತು ಯಂತ್ರ ಕೆಟ್ಟಿತ್ತಲ್ಲ. ನಂಗೆ ಒಂದು ಮಾತು ಹೇಳಿದ್ರೆ ಪ್ರೈವೇಟಿಗೆ ಕರ್ಕೊಂಡು ಹೋಗ್ತಿದ್ನಲ್ಲ ಭಾವ."

"ನಿಂಗೆ? ನಿಂಗೆ ಹೇಳೋದಾ?" ಭಾವ ನಗಲು ಹೋಗಿ ಕೆಮ್ಮಿದರು. "ಊರಿಗೆಲ್ಲ ಕಟ್ಟಿ ಕಟ್ಟಿ ಅಂದವನು, ನನ್ನ ಸರದಿ ಬಂದಾಗ ಯಂತ್ರ ಕೆಟ್ಟಿತ್ತು ಅಂತ ನಿನ್ನ ಮುಂದೆ ಹೇಗಪ್ಪಾ ಹೇಳ್ಲಿ? ನೀನು ಒಂದು ತಿಂಗಳು ಅದನ್ನೇ ನಾಟಕ ಆಡ್ತಿದ್ದೆ."

"ಇಪ್ಪತ್ತೆರಡನೇ ತಾರೀಕು?"

"ಹೊರಟಿದ್ದೆ ಕಣೋ. ಬಸ್‌ಸ್ಟಾಪಿನ ತನಕ ಬಂದೆ. ಮತ್ತೆ ಯಂತ್ರ ಕೆಟ್ಟಿರುತ್ತೆ ಅನ್ನಿಸ್ತು. ಎರಡು ಸಲ ಹೋಗಿ ಬರಿಗೈಲಿ ಬಂದ ಅಂತ ಗೊತ್ತಾದ್ರೆ... ನೀನು ಗೆದ್ದುಬಿಡ್ತಿದ್ದೆ." ಕಿಟಕಿಯ ಕಡೆ ತಿರುಗಿ, "ಚೀಟಿ ನಂದು ಅಂತ ಬೆಂಚಿನವರಿಗೆ ಹೇಳ್ಬೇಡ," ಎಂದರು.

ಹತ್ತೊಂಬತ್ತು ದಿನಕ್ಕೆ ಭಾವ ಹೋದರು.

ಟೇಪಣ್ಣ ಅಂಗಡಿ ತೆರೆಯಲು ಇನ್ನೂ ಎರಡು ವಾರ ಬೇಕಾಯಿತು. ಮೇಷ್ಟ್ರೂ ಔಷಧಿಯವನೂ ಬಂದು ನಡುವೆ ಒಬ್ಬರಷ್ಟು ಜಾಗ ಬಿಟ್ಟು ಕೂತರು. ಮೇಷ್ಟ್ರು ಪೇಪರು ಬಿಡಿಸಿ ಮತ್ತೆ ಮಡಿಚಿದರು. ಆಮೇಲೆ ಔಷಧಿಯವನು ನಿಟ್ಟುಸಿರು ಬಿಟ್ಟ.

"ಏನೇ ಹೇಳಿ, ಸರ್ಕಾರಿ ಆಸ್ಪತ್ರೆಗೆ ಹಾಕ್ಬಾರ್ದಿತ್ತು. ಅಲ್ಲಿ ಹೋದವರು ಎಲ್ಲಿ ಎದ್ದು ಬರ್ತಾರೆ? ಪಾಪ, ಅವರೇ ನಂಬ್ಕೊಂಡಿದ್ರು."

"ನಂಬಿ ಕೆಟ್ರು," ಎಂದರು ಮೇಷ್ಟ್ರು. "ಕಟ್ಟಿದ್ದಷ್ಟೇ ಬಂತು."

ಭಾವ ಇದ್ದಿದ್ದರೆ ಈಗ ಬೆರಳು ಮಡಿಚುತ್ತಿದ್ದರು. ಅವರ ಪರವಾಗಿ ಮಾತಾಡಲು ಅಂಗಡಿಯಲ್ಲಿ ಉಳಿದಿದ್ದವನು ಒಬ್ಬನೇ. ಟೇಪಣ್ಣ ಕಾಲನ್ನು ಪೆಡಲಿನಿಂದ ತೆಗೆದ.

"ಆಸ್ಪತ್ರೆಯವರು ಚೆನ್ನಾಗೇ ನೋಡ್ಕೊಂಡ್ರು. ಭಾವ ಅಲ್ಲಿಗೆ ಹೋಗಿದ್ದು ತಡವಾಯ್ತು. ತಡ ಮಾಡ್ಸಿದ್ದು ನಾನು."

ಇಬ್ಬರೂ ಅವನ ಕಡೆ ತಿರುಗಿದರು. ಔಷಧಿಯವನ ತುಟಿಯ ಕೊನೆ ಆಗಲೇ ಮೇಲಕ್ಕೆ ಸರಿದಿತ್ತು. ಎಷ್ಟೋ ವರ್ಷಗಳ ರೂಢಿ. ಮುಂದಿನ ಮಾತಿಗೆ ಕಾದ. ಬರಲಿಲ್ಲ.

"ಇದ್ಯಾರ ದನಿನಪ್ಪಾ?" ಎಂದ. "ಗೊತ್ತಾಗ್ಲಿಲ್ವಲ್ಲ."

"ನಂದೇ," ಎಂದ ಟೇಪಣ್ಣ.

ಅದಕ್ಕೂ ಅವರು ನಕ್ಕರು. ಮೊದಲು ನಗು ನಿಲ್ಲಿಸಿದವರು ಮೇಷ್ಟ್ರು.