ಗಡಿಕಲ್ಲಿನಾಚೆಯ ಸೂಜಿ

ಜೀನ್ ತಿದ್ದಿ ಮಾಡಿದ ಯಾವುದೂ ನಮ್ಮೂರ ಗಡಿ ದಾಟಿ ಒಳಗೆ ಬರಕೂಡದೆಂದು ಗುಡಿಯ ಮುಂದೆ ಊರವರಿಂದ ಆಣೆ ಮಾಡಿಸಿದವನು ನಾನೇ. ಅಂಥ ತೆಂಗು ಪಕ್ಕದ ತೋಟಕ್ಕೆ ಬಂದರೆ ಅದರ ಪರಾಗ ಗಾಳಿಯಲ್ಲಿ ತೂರಿ ಬಂದು ನಮ್ಮ ತಳಿಯೂ ಕೆಡುತ್ತದೆ, ಆಮೇಲೆ ಬಿತ್ತನೆ ಕಾಯಿಗೂ ಕಂಪನಿಯ ಮುಂದೆ ಕೈಚಾಚಬೇಕಾಗುತ್ತದೆ ಎಂದು ಗುಡುಗಿದೆ. ಮಾತಿನಲ್ಲಿ ಹುರುಳಿರಲಿಲ್ಲವೆಂದಲ್ಲ, ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ನನಗೆ ಹುಟ್ಟಿನಿಂದಲೂ ಗೊತ್ತಿಲ್ಲ. ಕೊನೆಗೆ ನನ್ನ ತೋಟದ್ದೇ ಕಾಯಿ ಒಡೆದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗೆಳೆಯ ಮೈಲಾರಿ.

ಮನೆಗೆ ಬಂದು, ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿಕೊಳ್ಳಲು ಅಂಗಿ ಎತ್ತಿದೆ. ತಿಪಟೂರಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ಸೊಸೆ ಯೋಗಿತಾ ಮುದ್ದೆ ಕಟ್ಟುತ್ತಲೇ ಕೇಳಿದಳು:

"ಮಾವ, ಅದನ್ನ ಹೆಂಗ್ ಮಾಡ್ತಾರೆ ಗೊತ್ತಾ? ಮನುಷ್ಯನ ಜೀನ್ ತಗ್ದು ಬ್ಯಾಕ್ಟೀರಿಯಾದೊಳಕ್ಕೆ ಸೇರಿಸ್ತಾರೆ."

"ಇದು ಔಷ್ದಿ ಕಣಮ್ಮ!"

"ಔಷ್ದಿ ಬುಟ್ಟು ಉಳಿದದ್ದು ಅಂತ ನೀವ್ ಆಣೆಲಿ ಹೇಳ್ಲಿಲ್ವಲ್ಲ."

ನನಗೆ ದೇವರ ಭಯವಿದೆ, ಸಕ್ಕರೆ ಕಾಯಿಲೆಯ ಭಯವೂ ಇದೆ. ಸೊಸೆಯ ಭಯ ಅವೆರಡಕ್ಕಿಂತಲೂ ದೊಡ್ಡದು. ಸೂಜಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹಾಲ್ಕುರಿಕೆ ದಾರಿಯ ಗಡಿಕಲ್ಲಿನತ್ತ ನಡೆದೆ. ಊರಾಚೆ ಚುಚ್ಚಿಕೊಂಡರೂ, ಹೊಟ್ಟೆಯೊಳಗಿಟ್ಟುಕೊಂಡು ಮತ್ತೆ ಊರಿಗೇ ತರುತ್ತೀಯಲ್ಲ ಎಂದು ದೇವರು ಕೇಳಲಿಲ್ಲ. ನಾನೂ ನೆನಪಿಸಲು ಹೋಗಲಿಲ್ಲ.

ಗಡಿಕಲ್ಲು ದಾಟಿದರೆ, ತೆಂಗಿನ ಬುಡದಲ್ಲಿ ಮೈಲಾರಿ ಆಗಲೇ ಅಂಗಿ ಎತ್ತಿಕೊಂಡು ಕೂತಿದ್ದ. ಅವನ ಕೈಯಲ್ಲೂ ಸೂಜಿ.

"ಬಾರ್ಲಾ, ಈ ಕಡೆ ನೆರಳೈತೆ," ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ.